ಗೊಬೊ ಬಡಿಸಿದ ಪುಣ್ಯಾತ್ಮ

ತಾಮಿಯ ಕೈ ನೋಡಿದವರು ಅವಳ ಕಸುಬೇನು ಎಂದು ಕೇಳುತ್ತಿರಲಿಲ್ಲ. ಉಗುರಿನ ಸಂದಿಯಲ್ಲಿ ಕೂತ ಕಪ್ಪು ಮಣ್ಣು ಹೊಸ ವರ್ಷದ ಸ್ನಾನಕ್ಕೂ ಬಿಡುತ್ತಿರಲಿಲ್ಲ. ನಮ್ಮೂರು ಕುರೊಹಾಮಾದ ಸಮುದ್ರದಂಡೆಯ ಮರಳುಮಣ್ಣಿನಲ್ಲಿ ಗೊಬೊ ಬೆಳೆದು, ಅಗೆದು, ಬೆನ್ನಿಗೆ ಹೊರೆ ಕಟ್ಟಿಕೊಂಡು ಬೀದಿ ಬೀದಿ ಮಾರುವುದು ಅವಳ ಕೆಲಸ. ಗೊಬೊ ಗೆಡ್ಡೆಯೇನೋ ಹೌದು, ಆದರೆ ಮೂಲಂಗಿಯ ಹಾಗೆ ಬಿಳಿ ಬಿಳಿಯಾಗಿ ಮೈ ತುಂಬಿಕೊಂಡ ಲಕ್ಷಣವಂತ ಗೆಡ್ಡೆಯಲ್ಲ. ತೋಳುದ್ದ, ಬೆರಳುದಪ್ಪ, ಕಪ್ಪು, ಒರಟು. ತಿಂದು ಗೊತ್ತಿಲ್ಲದವರು ಒಲೆಗೆ ಇಡುವ ಪುಳ್ಳೆ ಎಂದುಕೊಂಡರೆ ಅವರನ್ನು ಬೈಯುವ ಹಾಗಿಲ್ಲ. ಸಣ್ಣಗೆ ಹೆರೆದು, ಮೆಣಸಿನಕಾಯಿ ಹಾಕಿ, ಸೋಯಾ ರಸದಲ್ಲಿ ಬಾಡಿಸಿದರೆ ಅನ್ನದ ಮಡಕೆ ಖಾಲಿಯಾಗುವುದು ಗೊತ್ತಾಗುವುದಿಲ್ಲ. ಈ ಬಡ ಗೆಡ್ಡೆಯಿಂದ ನಮ್ಮೂರಿಗೆ ಒಬ್ಬ ದೊಡ್ಡ ಮನುಷ್ಯ ಸಿಕ್ಕಿದ. ತಾಮಿಗೆ ಸಿಕ್ಕಿದ್ದೇನು ಎಂಬುದನ್ನು ಹೇಳುತ್ತೇನೆ.

ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಜ್ವರದಲ್ಲಿ ಹೋದ. ತಾಮಿ ತವರಿಗೆ ವಾಪಸು ಬಂದಳು. ಅಲ್ಲಿ ತಾಯಿ ಹಾತ್ಸು, ಮತ್ತೆ ತಾಮಿಯ ಬೆನ್ನ ಮೇಲೆಯೇ ಬೆಳೆದ ಕೊನೇ ತಮ್ಮ ತೊಮೆಕಿಚಿ. ಹುಡುಗನಿಗೆ ಒಂದು ಕಾಲು ಕುಂಟು. ಯುದ್ಧದಲ್ಲಿ ಊರಿನ ಗಂಡಸರನ್ನೆಲ್ಲ ಗುಡಿಸಿಕೊಂಡು ಹೋದ ಸೈನ್ಯ ಇವನನ್ನು ಮಾತ್ರ ಮುಟ್ಟಲಿಲ್ಲ. ಅವನಿಗೆ ಅದೇ ನಾಚಿಕೆ. ಹಡಗುಕಟ್ಟೆಯ ಹಿಂದೆ ಬಿಳಿಯ ಯುದ್ಧಕೈದಿಗಳ ಕ್ಯಾಂಪು ಬಂದಾಗ ಕಾವಲಿಗೆ ಕುಂಟರಾದರೂ ಆದೀತು ಎಂದರು. ತೊಮೆಕಿಚಿ ಬೂಟು ಹಾಕಿಕೊಂಡು ಮನೆಗೆ ಬಂದ ದಿನ ಹಾತ್ಸು ಅಕ್ಕಪಕ್ಕದವರಿಗೆಲ್ಲ ಶುಭದಿನಕ್ಕೆ ಮಾಡುವ ಕೆಂಪನ್ನ ಹಂಚಿದ್ದಳು.

ಕ್ಯಾಂಪಿನ ಯಜಮಾನಿಕೆ ಸಾರ್ಜೆಂಟ್ ನುಕಾದಾ ಅವರದ್ದು. ನಮ್ಮೂರವರೇ. ಚೀನಾದಲ್ಲಿ ಗುಂಡೇಟು ತಿಂದು, ಸ್ವಂತ ಊರಿಗೆ ಕೆಲಸ ಹಾಕಿಸಿಕೊಂಡು ಬಂದಿದ್ದವರು. ಮೀಸೆ ಚೆನ್ನಾಗಿತ್ತು. ಸ್ನಾನವೆಂದರೆ ಪ್ರಾಣ.

ಯುದ್ಧ ಮುಗಿಯುವ ಮುಂಚಿನ ಚಳಿಗಾಲದಲ್ಲಿ ಒಬ್ಬ ಕೈದಿಯ ಜೇಬಿನಲ್ಲಿ ಒಂದು ಹಿಡಿ ಸೋಯಾ ಕಾಳು ಸಿಕ್ಕಿತು. ಹಡಗಿನಿಂದ ಇಳಿಸುವಾಗ ಚೀಲ ಹರಿದು ಚೆಲ್ಲಿದ್ದನ್ನು ಆರಿಸಿಕೊಂಡಿದ್ದ. ಸಾರ್ಜೆಂಟರು ತೊಮೆಕಿಚಿಯ ಕೈಗೆ ಹೊರೆ ಹೊರುವ ಬಿದಿರ ದೊಣ್ಣೆ ಕೊಟ್ಟು ಹೊಡಿ ಎಂದರು. ಹೊಡೆದ. ಕೈದಿಯನ್ನು ಆಮೇಲೆ ಹಿಮದಲ್ಲೇ ಬಿಟ್ಟರು. ಬೆಳಗಾಗುವಷ್ಟರಲ್ಲಿ ಅವನು ಸತ್ತಿದ್ದ.

ನಮ್ಮ ದೇಶ ಸೋತ ಮೇಲೆ ಗೆದ್ದು ಬಂದ ಅಮೆರಿಕದವರು ವಿಚಾರಣೆ ನಡೆಸಿದರು. "ನಾನು ಆಗ ಸ್ನಾನಕ್ಕೆ ಹೋಗಿದ್ದೆ, ಹುಡುಗ ತನ್ನಷ್ಟಕ್ಕೆ ತಾನೇ ಹೊಡೆದಿದ್ದಾನೆ" ಎಂದು ಸಾರ್ಜೆಂಟರು ಎದೆ ತಟ್ಟಿ ಹೇಳಿದರು. ಅವರಿಗೆ ಜೈಲಾಯಿತು. ತೊಮೆಕಿಚಿಗೆ ನೇಣು ಎಂದರು.

ತಾಮಿ ಒಬ್ಬಳೇ ಟೋಕಿಯೋಗೆ ಹೋಗಿ, ಸುಗಾಮೊ ಜೈಲಿನ ಜಾಲರಿಯ ಆಚೆ ಕೂತ ತಮ್ಮನನ್ನು ಕಡೆಯ ಸಲ ನೋಡಿದಳು. ಕೇಳಬಾರದು ಎಂದುಕೊಂಡೇ ಹೋದವಳು ಕೇಳಿಬಿಟ್ಟಳು.

"ಹೌದಾ ಕಣೋ?"

"ಹೊಡೆದೆ ಅಕ್ಕ. ಹೊಡಿ ಅಂದ್ರು, ಹೊಡೆದೆ. ಸಾಕು ಅಂತ ಸಾಹೇಬ್ರು ಅನ್ನಲಿಲ್ಲ. ಅಲ್ಲೇ ನಿಂತಿದ್ರು. ಅವ್ರು ಅನ್ನೋವರ್ಗೂ ನಾನೂ ನಿಲ್ಲಿಸಲಿಲ್ಲ." ಜಾಲರಿಯ ಹತ್ತಿರ ಮುಖ ತಂದು, "ಅಮ್ಮಂಗೆ ಏನು ಹೇಳ್ತೀಯ?" ಎಂದ.

ರೈಲಿನುದ್ದಕ್ಕೂ ತಾಮಿ ಅದನ್ನೇ ಯೋಚಿಸಿದಳು. ನಿಜವನ್ನೇ ಹೇಳುವುದೆಂದು ಗಟ್ಟಿ ಮಾಡಿಕೊಂಡು ಮನೆಯೊಳಗೆ ಕಾಲಿಟ್ಟಳು. ಹಾತ್ಸು ಅಡುಗೆಮನೆಯ ಮಣ್ಣುನೆಲದಲ್ಲಿ ಮೊಣಕಾಲೂರಿ ಕೂತಿದ್ದಳು. ಎದುರಿಗೆ ಯಾರೂ ಕೊಳ್ಳದೆ ಉಳಿದ ಗೊಬೊ ಕಟ್ಟು.

"ಯಾಕಂತೆ ಮಗಾ? ನನ್ನ ಕಂದನ್ನ ಯಾಕೆ ಕೊಲ್ತಾರಂತೆ?"

ತಾಯಿಯ ಮುಖ ನೋಡಿದ್ದೇ ತಾಮಿಯ ಗಟ್ಟಿಯೆಲ್ಲ ಕರಗಿಹೋಯಿತು. "ಗೊಬೊ ಅಮ್ಮ," ಎಂದಳು.

"ಏನಂದೆ?"

"ಕೈದಿಗಳ ಸಾರಿಗೆ ಗೊಬೊ ಹಾಕಿ ಬಡಿಸಿದ್ನಂತೆ. ಬಿಳೀ ಜನಕ್ಕೆ ಗೊಬೊ ಎಲ್ಲಿ ಗೊತ್ತು? ಮರದ ಬೇರು ತಿನ್ನಿಸಿ ಹಿಂಸೆ ಕೊಟ್ಟ ಅಂತ ಕೇಸು ಹಾಕಿದಾರೆ."

ಹಾತ್ಸು ಎದೆ ಎದೆ ಬಡಿದುಕೊಂಡಳು. "ಅಯ್ಯೋ, ತರಕಾರಿ ಯಾವ್ದು ಸೌದೆ ಯಾವ್ದು ತಿಳೀದ ಪೆದ್ದು ಮುಂಡೇವಾ! ಇವಕ್ಕೆ ಸಿಡಿಲು ಬಡಿಯಾ!" ಅತ್ತಳು, ಹೊರಳಾಡಿದಳು. ಆದರೆ ಅದು ತಪ್ಪು ಮಾಡದ ಮಗನನ್ನು ಕಳೆದುಕೊಳ್ಳುವ ತಾಯಿಯ ಅಳು. ಕೊಲೆಗಾರನ ತಾಯಿಯ ಅಳು ಬೇರೆ ಇರುತ್ತದೆ. ಅದನ್ನು ಅಮ್ಮನಿಗೆ ತಪ್ಪಿಸಿದೆ ಎಂಬ ಸಮಾಧಾನವೊಂದೇ ತಾಮಿಗೆ ಅವತ್ತು ಸಿಕ್ಕಿದ್ದು. ಆ ಚಳಿಗಾಲ ಒಂದು ತುಂಡು ಗೊಬೊವೂ ಕ್ಯಾಂಪಿನ ಬಾಗಿಲು ದಾಟಿರಲಿಲ್ಲ. ಬೆಳೆದದ್ದನ್ನೆಲ್ಲ ಸೈನ್ಯದವರು ಹೊತ್ತುಕೊಂಡು ಹೋಗಿದ್ದರು. ಕೈದಿಗಳಿಗೆ ಮೂಲಂಗಿ ಸೊಪ್ಪು ಬೇಯಿಸಿದ ನೀರೇ ಗತಿಯಾಗಿತ್ತು.

ತೊಮೆಕಿಚಿ ಹೋದ. ಊರು ಆಗ ಸೋತ ಸಿಟ್ಟಿನಲ್ಲಿತ್ತು, ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. ತಾಯಿ ಮಗಳು ಊರಿಗೆಲ್ಲ ಒಂದೇ ಆದ ಸ್ನಾನದ ಮನೆಯ ತೊಟ್ಟಿಗೆ ಇಳಿದರೆ ಉಳಿದ ಹೆಂಗಸರೆಲ್ಲ ಮೈ ತೊಳೆದದ್ದಾಯಿತು ಎಂದು ಏಳುತ್ತಿದ್ದರು. ಕೊಲೆಗಾರರ ಮನೆಯ ಗೊಬೊ ಯಾರಿಗೂ ಬೇಡವಾಗಿತ್ತು. ತಾಮಿ ಪಕ್ಕದೂರಿಗೆ ಹೊತ್ತು ಮಾರಿದಳು. ರೇಷನ್ ಅಂಗಡಿಯ ಒಬಾತಾ ಇವರನ್ನು ಸಾಲಿನ ಕೊನೆಗೆ ನಿಲ್ಲಿಸಿ, ಇವರ ಸರದಿ ಬಂದಾಗ ಅಕ್ಕಿ ಮುಗಿಯಿತು ಎನ್ನುತ್ತಿದ್ದ. ಹಾತ್ಸು ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ನನ್ನ ಮಗ ಊಟ ಬಡಿಸಿ ಸತ್ತವನು ಎಂದು ತಲೆ ಎತ್ತಿಕೊಂಡೇ ನಡೆದಳು. ದಿನ ಬೆಳಗಾದರೆ ಮನೆಯ ಬುದ್ಧನ ಗೂಡಿನ ಮುಂದೆ ಕೂತು, ಮಗನಿಗೆ ಒಂದು ಬಟ್ಟಲು ಅನ್ನವಿಟ್ಟು, ಬಿಳಿಯರ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದಳು. ಆ ಸತ್ತ ಕೈದಿಗೂ ಅದರಲ್ಲಿ ಒಂದು ಪಾಲಿತ್ತು. ತಾಮಿ ಅದನ್ನು ಕೇಳಿಸಿಕೊಂಡೇ ಹೊರೆ ಕಟ್ಟುತ್ತಿದ್ದಳು.

ಆಮೇಲೆ ಅಮೆರಿಕದವರು ಗಂಟುಮೂಟೆ ಕಟ್ಟಿದರು. ಅವರು ಹೊರಟಿದ್ದೇ ತಡ, ಯುದ್ಧಾಪರಾಧಿಗಳು ರಾತ್ರಿ ಬೆಳಗಾಗುವುದರೊಳಗೆ ಪಾಪದವರಾಗಿಬಿಟ್ಟರು! ಜೈಲಿನಲ್ಲಿ ಉಳಿದವರನ್ನು ಬಿಡಿಸಬೇಕೆಂದು ದೇಶವೆಲ್ಲ ಸಹಿ ಸಂಗ್ರಹ ಶುರುವಾಯಿತು. ನಮ್ಮೂರಲ್ಲಿ ಅದರ ಮುಂದಾಳು ಯಾರು ಅಂದುಕೊಂಡಿರಿ? ಅದೇ ಒಬಾತಾ. ಈಗ ಅವರು ಮೇಯರ್ ಒಬಾತಾ. ಹಾತ್ಸು ಅಜ್ಜಿಯ ಮನೆಗೇ ಬಂದು, ಚಾಪೆಗೆ ಹಣೆ ತಾಗುವ ಹಾಗೆ ಬಗ್ಗಿದರು. ಅಜ್ಜಿ ಗೊಬೊ ಕಥೆ ಹೇಳಿದಳು. ಮೇಯರರು ಕರವಸ್ತ್ರ ತೆಗೆದರು.

ಅಲ್ಲಿಂದ ಆ ಕಥೆಗೆ ಕಾಲು ಬಂತು. ಮೀನುಪೇಟೆಗೆ ಹೋಗುವಷ್ಟರಲ್ಲಿ ಬರೀ ಸಾರಿಗೆ ಮಿಸೊ ಬಿತ್ತು, ಪಕ್ಕದೂರಿನಲ್ಲಿ ಎಳ್ಳು ಬಿತ್ತು. ಕಾವಲಿನವರು ತಾವು ಉಪವಾಸವಿದ್ದು ಕೈದಿಗಳಿಗೆ ಬಡಿಸಿದರು ಎಂದು ಯಾರೋ ಸೇರಿಸಿದರು. ಊರಿನ ತಂಡವೊಂದು ಸುಗಾಮೊ ಜೈಲಿಗೆ ಹೋಗಿ ಸಾರ್ಜೆಂಟರಿಗೂ ಅದನ್ನು ಒಪ್ಪಿಸಿತು. ಮೊದಲ ಸಲ ಕೇಳಿದಾಗ ಅವರು ಕಣ್ಣು ಪಿಳಿಪಿಳಿ ಬಿಟ್ಟರಂತೆ. ಎರಡನೆಯ ಸಲ ತಲೆಯಾಡಿಸಿದರಂತೆ. ಬಿಡುಗಡೆಯಾಗಿ ನಮ್ಮೂರ ರೈಲು ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಸಾರಿಗೆ ಉಪ್ಪು ಎಷ್ಟು ಹಾಕಿದ್ದೆ ಎಂಬುದೂ ಅವರ ನೆನಪಿಗೆ ಬಂದಿತ್ತು.

ಸರ್ಕಾರವೂ ಹಿಂದೆ ಬೀಳಲಿಲ್ಲ. ನೇಣಿಗೆ ಹೋದವರದ್ದನ್ನು ಶಿಕ್ಷೆ ಎನ್ನಬಾರದು, ಕಾನೂನಿನಿಂದಾದ ಸಾವು ಎನ್ನಬೇಕು ಎಂದು ಆಫೀಸಿನವರು ಹೆಸರಿಟ್ಟರು. ಮಳೆಯಿಂದ ನೆಗಡಿ ಆಗುವುದಿಲ್ಲವೇ, ಹಾಗೆ. ಹಾತ್ಸುವಿಗೂ ಮಗನ ಲೆಕ್ಕದಲ್ಲಿ ಒಂದಿಷ್ಟು ಬರತೊಡಗಿತು. "ನೋಡಿದ್ಯಾ, ತಪ್ಪು ಮಾಡಿದೋನ ಮನೆಗೆ ಸರ್ಕಾರ ದುಡ್ಡು ಕಳಿಸ್ತದಾ?" ಎಂದು ಅವಳು ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದಳು.

ಸಾರ್ಜೆಂಟರದ್ದು ಇನ್ನೂ ಸೊಗಸು. ಸೈನ್ಯದಲ್ಲಿ ಅವರು ದುಡಿದ ವರ್ಷಗಳು ಪಿಂಚಣಿಗೆ ಸಾಲುತ್ತಿರಲಿಲ್ಲ. ಅಷ್ಟರಲ್ಲಿ, ಯುದ್ಧಾಪರಾಧಕ್ಕೆ ಜೈಲಿನಲ್ಲಿ ಕೂತ ವರ್ಷಗಳನ್ನೂ ಸೇವೆ ಎಂದೇ ಸೇರಿಸಿಕೊಳ್ಳತಕ್ಕದ್ದು ಎಂದು ಕಾನೂನಾಯಿತು. ಸೇರಿಸಿದರು, ಸಾಲಿತು. ಎಂದರೆ ನ್ಯಾಯಾಧೀಶರು ಕರುಣೆ ತೋರಿಸಿ ಅವರನ್ನು ನಿರಪರಾಧಿ ಎಂದು ಬಿಟ್ಟುಬಿಟ್ಟಿದ್ದರೆ ಪಾಪ, ಮುದಿತನದಲ್ಲಿ ಕೈಯಲ್ಲಿ ಕಾಸಿಲ್ಲದೆ ಒದ್ದಾಡಬೇಕಿತ್ತು! ಗಂಡಸರ ಸ್ನಾನದ ತೊಟ್ಟಿಯಲ್ಲಿ ಇದರ ಬಗ್ಗೆ ಭಾರಿ ಚರ್ಚೆ ನಡೆಯಿತು. ಬಾಂಬು ಬಿದ್ದು ಒಂದು ಕೈ ಕಳೆದುಕೊಂಡ ಮೀನಿನವಳಿಗೆ ಸರ್ಕಾರ ಬಿಡಿಕಾಸು ಕೊಟ್ಟಿಲ್ಲವಲ್ಲ, ಇವರಿಗೆ ಹೇಗೆ ಎಂದು ಕ್ಷೌರದವನು ಕೇಳಿದನಂತೆ. ಅವಳು ಸೇವೆಯಲ್ಲಿರಲಿಲ್ಲವಲ್ಲ ಮಾರಾಯ, ಸುಮ್ಮನೆ ಮನೆಯಲ್ಲಿದ್ದಳು ಎಂದು ಉಳಿದವರು ಅವನ ಬಾಯಿ ಮುಚ್ಚಿಸಿದರು.

ಪಿಂಚಣಿ ಮಂಜೂರಾದದ್ದಕ್ಕೆ ಪುರಭವನದಲ್ಲಿ ಸನ್ಮಾನ, ಊಟ ಎಂದು ಮೇಯರರು ಸಾರಿದರು. ಊಟಕ್ಕೆ ಗೊಬೊ ಪಲ್ಯ ಆಗಲೇಬೇಕಲ್ಲ. ತಾಮಿಗೆ ಹೇಳಿ ಕಳಿಸಿದರು. ಅದೇ ವಾರ ಮಹಿಳಾ ಸಂಘದವರ ಮುಂದೆ ಸಾರ್ಜೆಂಟರು ಭಾಷಣದ ತಾಲೀಮು ಮಾಡಿದ್ದು ತಾಮಿಯ ಕಿವಿಗೆ ಬಿತ್ತು. ಅದರಲ್ಲಿ ಗೊಬೊ ಬಡಿಸಿದ್ದು ಸಾರ್ಜೆಂಟರು. ತೊಮೆಕಿಚಿ ಬರೀ ಹೊಡೆದವನು.

ತಾಮಿ ಹೊರೆ ಅಲ್ಲೇ ಇಳಿಸಿ ಅವರ ಮನೆಗೆ ಹೋದಳು. ಸಾರ್ಜೆಂಟರು ಆಗತಾನೆ ಸ್ನಾನ ಮುಗಿಸಿ ಜಗಲಿಯಲ್ಲಿ ಕಾಲುಗುರು ಕತ್ತರಿಸುತ್ತ ಕೂತಿದ್ದರು.

"ಬಾ ತಾಮಿ. ಗೊಬೊ ತಂದ್ಯಾ? ಎಳೇದು ನೋಡಿ ಕೊಡು, ನಾರು ಇರಬಾರ್ದು."

"ಕೊಡ್ತೀನಿ ಸಾಹೇಬ್ರೆ. ಕ್ಯಾಂಪಿನಲ್ಲಿ ಗೊಬೊ ಬಡಿಸಿದ್ದು ಯಾರು?"

"ಇದೆಂಥ ಪ್ರಶ್ನೆ? ನಾನೇ."

"ನಮ್ಮನೇಲಿ ತೊಮೆಕಿಚಿ ಬಡಿಸಿದ್ದ."

"ನಿಮ್ಮನೇಲಿ ಅವನು ಏನಾದ್ರೂ ಬಡಿಸ್ಕೊಳ್ಳಲಿ, ನಾನು ಬೇಡ ಅಂದ್ನಾ?"

"ಕ್ಯಾಂಪಿನಲ್ಲಿ ಯಾರೂ ಬಡಿಸಿಲ್ಲ. ಈ ಕಥೆ ಕಟ್ಟಿದ್ದು ನಾನು, ನಮ್ಮ ಅಡುಗೆಮನೇಲಿ ನಿಂತ್ಕೊಂಡು. ಇಲ್ಲಿರೋರು ನಾವಿಬ್ರೇ. ನಾಟಕ ಯಾರಿಗೆ?"

ಸಾರ್ಜೆಂಟರಿಗೆ ಸಿಟ್ಟು ಬರಲಿಲ್ಲ. ಕತ್ತರಿ ಕೆಳಗಿಟ್ಟು, ಮನೆಯ ಹಿರಿಯಣ್ಣನ ಹಾಗೆ ಸಮಾಧಾನವಾಗಿ ಮಾತಾಡಿದರು.

"ಆಯ್ತು, ನೀನೇ ಹೇಳು. ಒಬ್ಬ ಸತ್ತಿದಾನೆ. ಗೊಬೊ ತಿಂದು ಯಾರಾದ್ರೂ ಸಾಯ್ತಾರಾ? ಇಬ್ರೂ ಗೊಬೊನೇ ಬಡಿಸಿದ್ವಿ ಅಂದ್ರೆ, ಹಂಗಾದ್ರೆ ಕೊಂದೋರ್ಯಾರು ಅಂತ ಕೇಳಲ್ವಾ ಜನ? ಯಾರಾದ್ರೂ ಒಬ್ರು ಹೊಡೆದಿರ್ಲೇಬೇಕಲ್ಲ ತಾಮಿ."

"ಹೊಡಿ ಅಂದೋರು?"

"ನಾನು ಸ್ನಾನಕ್ಕೆ ಹೋಗಿದ್ದೆ."

"ನಿಜ ಹೇಳಿಬಿಡ್ತೀನಿ. ನಿಮ್ಮ ಪಿಂಚಣಿ ಹೋಗುತ್ತೆ."

ಸಾರ್ಜೆಂಟರಿಗೆ ನಗು ತಡೆಯಲಾಗಲಿಲ್ಲ. "ಹೇಳು ಹೋಗು. ಯಾವ ಆಫೀಸಿನಲ್ಲೂ ನೀನೇನು ಮಾಡಿದ್ದೆ ಅಂತ ನನ್ನ ಕೇಳಲಿಲ್ಲ ಕಣೇ. ಎಷ್ಟು ವರ್ಷ ಒಳಗಿದ್ದೆ ಅಂತ ಅಷ್ಟೇ ಕೇಳಿದ್ರು. ಕೊಂದೋನಿಗೂ ಅಷ್ಟೇ, ಗೊಬೊ ಬಡಿಸಿದೋನಿಗೂ ಅಷ್ಟೇ. ಇದು ಪಿಂಚಣಿ ಮಾತಲ್ಲ. ನಾನು ಊರಲ್ಲಿ ನಾಲ್ಕು ಜನರ ಮಧ್ಯೆ ಬದುಕೋನು. ನಿನ್ನ ತಮ್ಮ ಸತ್ತಿದಾನೆ, ಅವನಿಗಿನ್ನೇನು ನಷ್ಟ?"

"ನಮ್ಮಮ್ಮ ಸತ್ತಿಲ್ಲ."

"ಹಂಗಾದ್ರೆ ಅವಳನ್ನ ಸಭೆಗೆ ಕರ್ಕೊಂಡು ಬರ್ಬೇಡ. ಅಷ್ಟೇ ತಾನೆ?" ಎಂದು ಅವರು ಇನ್ನೊಂದು ಕಾಲು ಮುಂದೆ ಚಾಚಿದರು.

ಅದೊಂದು ಮಾತು ತಾಮಿಗೂ ಸರಿ ಕಂಡಿತು. ಏನಾದರೂ ಮಾಡಿ ಅಮ್ಮನನ್ನು ಮನೆಯಲ್ಲೇ ಕೂರಿಸಬೇಕು. ಆಮೇಲೆ ಯಾರಾದರೂ ಏನಾದರೂ ಅಂದರೆ, ಜನ ಬಾಯಿಗೆ ಬಂದದ್ದು ಆಡುತ್ತಾರೆ ಎಂದು ತೇಲಿಸಿದರಾಯಿತು. ಸಭೆಯ ದಿನ ಬೆಳಗ್ಗೆಯಿಂದ ಶುರು ಮಾಡಿದಳು: ಗಾಳಿ ಜೋರಾಗಿದೆ, ನಿನಗೆ ಕೆಮ್ಮು, ಅಲ್ಲಿ ಕೂರಲು ಜಾಗ ಇರುವುದಿಲ್ಲ. ಹಾತ್ಸು ಪೆಟ್ಟಿಗೆಯಿಂದ ಕಪ್ಪು ಕಿಮೋನೊ ತೆಗೆದು ಕೊಡವುತ್ತಿದ್ದಳು.

"ನನ್ನ ಮಗನ ಕಥೆ ಊರ ಮುಂದೆ ಹೇಳ್ತಾರೆ. ಸಾಯೋ ಹಂಗಿದ್ರೂ ಹೋಗ್ತೀನಿ. ನಿಂಗೇನಾಗಿದೆ ಇವತ್ತು? ಸೊಂಟಪಟ್ಟಿ ಬಿಗಿ ಬಾ."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಮೇಯರರು ಕಳಿಸಿದ ಮೂರು ಗಾಲಿಯ ಲಾರಿ ಬಂದು ನಿಂತಿತ್ತು. ಅಜ್ಜಿಗೆಂದು ಹಿಂದುಗಡೆ ದಿಂಬು ಬೇರೆ ಹಾಕಿಸಿದ್ದರು. ಹಿಂದೆ ರೇಷನ್ ಸಾಲಿನ ಕೊನೆಗೆ ನಿಲ್ಲಿಸಿದವಳನ್ನು ಸಭೆಯಲ್ಲಿ ಮೊದಲ ಸಾಲಿಗೇ ಕೂರಿಸಿದರು.

ಮೇಯರರು ಮಾತಾಡಿ, ಊಟ ಬಡಿಸಿದ ತಪ್ಪಿಗೆ ಜೈಲು ಕಂಡ ಪುಣ್ಯಾತ್ಮ ಎಂದು ಹಾಡಿ ಹೊಗಳಿದರು. ಸಾರ್ಜೆಂಟರು ಎದ್ದರು. ಮೊದಲ ಸಾಲಿನಲ್ಲಿ ಹಾತ್ಸುವನ್ನು ಕಂಡು ಒಂದು ಕ್ಷಣ ಗಂಟಲು ಸರಿಮಾಡಿಕೊಂಡರು. ಅಷ್ಟಕ್ಕೆ ಭಾಷಣ ಬದಲಿಸುವವರು ಸೈನ್ಯದಲ್ಲಿ ಬಡ್ತಿ ಪಡೆಯುತ್ತಾರೆಯೇ? ಹಸಿದ ಕೈದಿಗಳನ್ನು ಕಂಡು ತಮ್ಮ ಕರುಳು ಹೇಗೆ ಕಿವುಚಿತು, ಸ್ವಂತ ಕೈಯಿಂದ ಗೊಬೊ ಹೇಗೆ ಹೆರೆದರು, ಎಲ್ಲ ಹೇಳಿದರು. ಹೆಂಗಸರು ಸೆರಗಿಲ್ಲದ್ದಕ್ಕೆ ಕಿಮೋನೊ ತೋಳಿನ ತುದಿಯಿಂದ ಕಣ್ಣೊರೆಸಿಕೊಂಡರು. ಚಪ್ಪಾಳೆ ನಿಂತ ಮೇಲೆ ಹಾತ್ಸು ಕೂತಲ್ಲಿಂದಲೇ ಕೇಳಿದಳು. ಅವಳ ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು.

"ಸಾರ್ಜೆಂಟಪ್ಪಾ, ಗೊಬೊ ಬಡಿಸಿದ್ದು ನೀನಾದ್ರೆ ನನ್ನ ಮಗನ್ನ ಯಾಕಪ್ಪ ನೇಣಿಗೆ ಹಾಕಿದ್ರು?"

"ಅಜ್ಜಿ, ಅದೆಲ್ಲ ಆಮೇಲೆ ಮಾತಾಡೋಣ, ಪಲ್ಯ ಆರಿಹೋಗುತ್ತೆ," ಎಂದು ಮೇಯರರು ನಡುವೆ ಬಂದರು.

"ಆರಲಿ. ನೀನು ಹೇಳಪ್ಪ."

ಸಾರ್ಜೆಂಟರು ತಲೆ ತಗ್ಗಿಸಿ, ಧ್ವನಿ ಮೆತ್ತಗೆ ಮಾಡಿಕೊಂಡರು. "ವಯಸ್ಸಿನ ಹುಡುಗ ಅಜ್ಜಿ. ಬಿಸಿ ರಕ್ತ. ನಾನು ಸ್ನಾನಕ್ಕೆ ಹೋಗಿದ್ದಾಗ ದೊಣ್ಣೆ ತಗೊಂಡುಬಿಟ್ಟ. ಒಬ್ಬ ಸತ್ತೋದ. ನಾನಿದ್ದಿದ್ರೆ ತಡೀತಿದ್ದೆ."

ಹಾತ್ಸು ಮಗಳ ಕಡೆ ತಿರುಗಿದಳು. "ತಾಮಿ, ಏನು ಹೇಳ್ತಿದಾನೆ ಇವನು?"

ಇನ್ನೊಂದು ಸುಳ್ಳು ತಾಮಿಯ ನಾಲಿಗೆಯ ತುದಿಯಲ್ಲೇ ಇತ್ತು. ಸಾಹೇಬರಿಗೆ ಜೈಲಿನಲ್ಲಿ ತಲೆ ಕೆಟ್ಟಿದೆ ಅಮ್ಮ, ನಡಿ ಮನೆಗೆ ಹೋಗೋಣ ಎಂದರೆ ಮುಗಿಯುತ್ತಿತ್ತು. ಆದರೆ ಈ ಸುಳ್ಳನ್ನು ಹುಟ್ಟಿಸಿದವಳು ಅವಳು. ತನ್ನ ತಮ್ಮನಿಗೆಂದು ಹೊಲಿದ ಅಂಗಿಯನ್ನು ಅವನನ್ನು ಸಾಯಿಸಿದವನು ತೊಟ್ಟುಕೊಂಡು ಸನ್ಮಾನ ಮಾಡಿಸಿಕೊಳ್ಳುತ್ತಿದ್ದಾನೆ.

"ಗೊಬೊ ಇರಲೇ ಇಲ್ಲ ಅಮ್ಮ," ಎಂದು ಎದ್ದು ನಿಂತಳು. "ನಾನು ಕಟ್ಟಿದ್ದು ಆ ಕಥೆ. ತೊಮೆಕಿಚಿ ಹೊಡೆದದ್ದು ನಿಜ. ಒಂದು ಹಿಡಿ ಕಾಳಿಗೆ ಒಬ್ಬನ್ನ ಹೊಡೆದು ಸಾಯಿಸಿದ. ಅವನ ಬಾಯಿಂದಾನೇ ಕೇಳಿದೀನಿ. ಹೊಡಿ ಅಂತ ದೊಣ್ಣೆ ಕೊಟ್ಟೋರು ಇವರು. ಪಕ್ಕದಲ್ಲೇ ನಿಂತು ನೋಡಿದೋರು ಇವರು. ಸ್ನಾನವಂತೆ ಸ್ನಾನ! ಆ ಸ್ನಾನಕ್ಕಿಷ್ಟು ಬೆಂಕಿ ಹಾಕ."

ಸಭೆಯಲ್ಲಿ ಯಾರೋ ಕೆಮ್ಮಿದರು. ನಮ್ಮೂರ ಮರ್ಯಾದಸ್ಥರು ಇಂಥ ಹೊತ್ತಿಗೆ ಏನು ಮಾಡಬೇಕೋ ಅದನ್ನೇ ಮಾಡಿದರು, ಎಂದರೆ ಕೇಳಿಸಲೇ ಇಲ್ಲ ಎಂಬ ಹಾಗೆ ಕೂತರು. ತಾಮಿಗೆ ಹುಷಾರಿಲ್ಲ ಎಂದು ಮೇಯರರು ಘೋಷಿಸಿದರು. ಮಹಿಳಾ ಸಂಘದವಳು ಓಡಿ ಬಂದು ಅವಳ ಕೈಗೆ ಬಿಸಿ ಚಹಾ ಕೊಟ್ಟಳು. ಹಿಂದಿನ ಸಾಲಿನಲ್ಲಿ ಒಬ್ಬ, "ಪಿಂಚಣಿ ಕಂಡು ಹೊಟ್ಟೆಕಿಚ್ಚು," ಎಂದ.

ಹಾತ್ಸು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಸಾರ್ಜೆಂಟರ ಕಡೆ ತಿರುಗಿದಳು.

"ಸತ್ತ ಹುಡುಗನ ಹೆಸರೇನು?"

ಸಾರ್ಜೆಂಟರು ಮೇಯರರ ಮುಖ ನೋಡಿದರು.

"ನಿನ್ನೇ ಕೇಳ್ತಿರೋದು ಸಾರ್ಜೆಂಟಪ್ಪ. ಎಲ್ಲ ನೆನಪಿದೆಯಲ್ಲ ನಿಂಗೆ. ಅವನ ಹೆಸರೇನು?"

ಸಾರ್ಜೆಂಟರ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. ಬೆನ್ನು ನೆಟ್ಟಗಾಯಿತು. "ನೂರ ಹದಿನಾಲ್ಕು!" ಎಂದರು.

"ನಂಬರ್ ಅಲ್ಲಪ್ಪ. ಅವನ ಅಮ್ಮ ಕರೀತಿದ್ದಳಲ್ಲ, ಆ ಹೆಸರು."

ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಾಮಿಯೂ ತಲೆ ತಗ್ಗಿಸಿದಳು. ಇಷ್ಟು ವರ್ಷ ಆ ಸಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದವಳಿಗೆ, ಸತ್ತವನು ಯಾರು ಎಂದು ಕೇಳಬೇಕೆಂದು ಒಂದು ದಿನವೂ ತೋಚಿರಲಿಲ್ಲ.

ಹಾತ್ಸು ತಾಮಿಯ ತೋಳು ಹಿಡಿದು ಎದ್ದಳು. "ಪಿಂಚಣಿ ತಗೋ ಸಾರ್ಜೆಂಟಪ್ಪ, ಸರ್ಕಾರ ಕೊಡ್ತದೆ, ಯಾಕೆ ಬಿಡ್ತೀಯ. ನಾನೂ ತಗೋತೀನಿ. ನಾಚಿಕೆ ಆಗ್ತದೆ, ಆದ್ರೆ ಹಸಿವೂ ಆಗ್ತದೆ. ಆದ್ರೆ ಅದು ಕೈಗೆ ಬಂದಾಗಲೆಲ್ಲ ಹೆಸರು ನೆನಪು ಮಾಡ್ಕೋ. ನೆನಪಾದ ದಿನ ಬಂದು ನಂಗೆ ಹೇಳು. ಅಲ್ಲೀವರೆಗೂ ನಾನು ಸಾಯಲ್ಲ."

ವಾಪಸು ಹೋಗಲು ಲಾರಿ ಇರಲಿಲ್ಲ. ಇಬ್ಬರೂ ನಡೆದೇ ಬಂದರು. ಅವತ್ತಿನಿಂದ ಎಷ್ಟೋ ದಿನ ಹಾತ್ಸು ಮಗಳ ಜೊತೆ ಮಾತು ಬಿಟ್ಟಳು. ಕೊನೆಗೊಮ್ಮೆ ಆಡಿದ್ದು, "ನನ್ನ ಕೈಲಿ ಆ ಸತ್ತ ಹುಡುಗನಿಗೆ ಶಾಪ ಹಾಕ್ಸಿದೆಯಲ್ಲೇ ನೀನು," ಎಂದು. ತಾಮಿ ಅವಳ ಕಾಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಮುದುಕಿ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ.

ತಾಮಿ ಗುಡಿಯ ಗುರುಗಳನ್ನು ಹೋಗಿ ಕೇಳಿದಳು. ಕ್ಯಾಂಪಿನಲ್ಲಿ ಸತ್ತವರ ಬೂದಿಯನ್ನು ಯುದ್ಧ ಮುಗಿಯುವವರೆಗೆ ಆ ಗುಡಿಯಲ್ಲೇ ಇಟ್ಟಿದ್ದರು. "ಪೆಟ್ಟಿಗೆ ಮೇಲೆ ಏನೋ ಬರೆದಿತ್ತಮ್ಮ, ಅವರ ಲಿಪಿ, ನಂಗೆಲ್ಲಿ ಓದೋಕೆ ಬರುತ್ತೆ? ಆಮೇಲೆ ಅವರ ದೇಶದವರು ಬಂದು ತಗೊಂಡು ಹೋದ್ರು," ಎಂದರು ಗುರುಗಳು. ಮತ್ತೆ, ಯಾರದ್ದಾದರೇನು ಎಂದು ಮಂತ್ರ ಮಾತ್ರ ತಪ್ಪದೆ ಹೇಳಿದ್ದೇನೆ ಎಂದು ಸೇರಿಸಿದರು.

ಊರು ತಾಯಿ ಮಗಳನ್ನು ಎರಡನೆಯ ಸಲ ದೂರವಿಟ್ಟಿತು. ಮೊದಲ ಸಲ ಕೊಲೆಗಾರನ ಮನೆಯೆಂದು, ಈ ಸಲ ಅದನ್ನು ಒಪ್ಪಿಕೊಂಡರೆಂದು. ಸಾರ್ಜೆಂಟರಿಗೆ ಏನೂ ಆಗಲಿಲ್ಲ. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಸಾಲಾಗಿ ಹೋಗಿ ಅವರ ಬಾಯಿಂದ ಗೊಬೊ ಕಥೆ ಕೇಳಿ ಬರುತ್ತಿದ್ದರು. ಪಿಂಚಣಿ ತಪ್ಪದೆ ಬಂತು, ಬೆಲೆ ಏರಿದ ಹಾಗೆ ಅದೂ ಏರಿತು. ಹಾತ್ಸು ಮನೆಯ ಬಾಗಿಲಿಗೆ ಮಾತ್ರ ಅವರು ಬರಲಿಲ್ಲ. ಅಂಗಳದಲ್ಲಿ ಹೆಜ್ಜೆ ಸಪ್ಪಳವಾದರೆ ಮುದುಕಿ ಕಿವಿಗೊಡುತ್ತಿದ್ದಳು. ಅವಳೂ ಮನುಷ್ಯಳು, ಎಷ್ಟು ದಿನ ಕಾದಾಳು? ಟೋಕಿಯೋದಲ್ಲಿ ಒಲಿಂಪಿಕ್ಸ್ ಆದ ಮರುವರ್ಷದ ಚಳಿಗಾಲದಲ್ಲಿ ಕಣ್ಣು ಮುಚ್ಚಿದಳು.

ಮಾತು ಬಿಟ್ಟ ಮನೆಯಾದರೂ ಸಾವಿಗೆ ಹೋಗದೆ ಇರುವುದು ನಮ್ಮಲ್ಲಿಲ್ಲ. ಊರೆಲ್ಲ ಕಪ್ಪುಟ್ಟು ಬಂತು. ಬಾಗಿಲ ಬಳಿ ಮೇಜು ಹಾಕಿ ಧೂಪದ ಕಾಣಿಕೆಯೆಂದು ಬಂದವರು ಕೊಡುವ ದುಡ್ಡಿನ ಲಕೋಟೆ ತೆಗೆದುಕೊಳ್ಳುವುದಕ್ಕೆ ನೆರೆಯವರು ಕೂರುವುದು ವಾಡಿಕೆ. ಇವರಿಗೆ ನೆರೆಯವರು ಯಾರಿದ್ದರು? ತಾಮಿಯೇ ಕೂತಳು. ಸಾಲಿನಲ್ಲಿ ಕೋಲೂರಿಕೊಂಡು ಸಾರ್ಜೆಂಟರೂ ಬಂದರು. ಮೀಸೆ ಬೆಳ್ಳಗಾಗಿತ್ತು. ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಲಕೋಟೆ ಚಾಚಿ, ಸಾವಿನ ಮನೆಯಲ್ಲಿ ಆಡುವ ಮಾತನ್ನು ಗೊಣಗಿದರು. ಲಕೋಟೆಯ ಮೇಲೆ ಕುಂಚದಲ್ಲಿ ದಪ್ಪಕ್ಷರದಲ್ಲಿ ನುಕಾದಾ ಎಂದು ಬರೆದಿತ್ತು.

ತಾಮಿ ಅದನ್ನು ನೋಡಿದಳು. "ನಿಮ್ಮ ಹೆಸರು ಚೆನ್ನಾಗಿ ಬರ್ದಿದೀರಿ. ಅಮ್ಮ ಕೇಳಿದ ಹೆಸರು?"

"ಸಾವಿನ ಮನೇಲಿ ಇದೇನು ತಾಮಿ? ಹಿಂದೆ ಜನ ನಿಂತಿದಾರೆ."

"ಅಮ್ಮ ಕಾಯ್ತಿದ್ಲು."

ಮುದುಕರ ತುಟಿ ಅಲುಗಿತು. ಕಣ್ಣು ಎತ್ತೆತ್ತಲೋ ಹೋಗಿ ಬಂತು. ಆ ಗಳಿಗೆಯಲ್ಲಿ ಅವರು ನಿಜವಾಗಿಯೂ ಹುಡುಕಿದರು ಎಂದೇ ತಾಮಿಗೆ ಅನ್ನಿಸಿತು.

"ನೂರ ಹದಿನಾಲ್ಕು," ಎಂದರು. ಈ ಸಲ ಬಹಳ ಮೆಲ್ಲಗೆ.

ತಾಮಿ ಲಕೋಟೆಯನ್ನು ಎರಡೂ ಕೈಯಲ್ಲಿ ಎತ್ತಿ, ತೆಗೆದುಕೊಳ್ಳುವಾಗ ಬಗ್ಗುವಷ್ಟೇ ಮರ್ಯಾದೆಯಿಂದ ಬಗ್ಗಿ, ಅವರ ಕೈಗೇ ವಾಪಸು ಇಟ್ಟಳು. ಧೂಪದ ಕಾಣಿಕೆ ಹಿಂದಿರುಗಿಸಿದ್ದನ್ನು ನಮ್ಮೂರಲ್ಲಿ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ. ಸಾರ್ಜೆಂಟರು ಒಳಗೂ ಹೋಗಲಾರದೆ ಹೊರಗೂ ಹೋಗಲಾರದೆ ಅದನ್ನು ಹಿಡಿದುಕೊಂಡು ನಿಂತರು.

"ಮುಂದಿನವರು ಬನ್ನಿ," ಎಂದಳು ತಾಮಿ.